ಕಕ್ಷಿದಾರರ ಕಾಗದಪತ್ರಕ್ಕೆ ಕ್ಯೂಬ್ಸ್ ಓಎಸ್: ಎಂಟು ತಿಂಗಳು ಬಳಸಿದ ಮೇಲೆ

ನಾನು ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ಜಾಸ್ತಿ ವಿಚ್ಛೇದನ, ಜೀವನಾಂಶದ ಕೇಸುಗಳು. ಹೆಣ್ಣುಮಕ್ಕಳು ತಂದುಕೊಡುವ ಆಸ್ಪತ್ರೆ ರಿಪೋರ್ಟು, ಗಾಯದ ಫೋಟೊ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿರುತ್ತವೆ. "ಮೇಡಮ್ಮರ, ಇವು ಬ್ಯಾರೆ ಯಾರಿಗೂ ಕಾಣಂಗಿಲ್ಲ, ಹೌದಲ್ರೀ?" ಎಂದು ಒಬ್ಬಾಕೆ ಕೇಳಿದ್ದಳು. ಯಾರಿಗೂ ಕಾಣುವುದಿಲ್ಲ ಅಂದಿದ್ದೆ.

ಅದೇ ವಾರ, ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಹಾಕಿದೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ಫೈಲುಗಳು ವಾಪಸ್ ಸಿಕ್ಕವು. ಆದರೆ ಆ ವೈರಸ್ ಏನು ನೋಡಿತು, ಎಲ್ಲಿಗಾದರೂ ಕಳಿಸಿತಾ ಎಂಬುದು ಗೊತ್ತಾಗಲೇ ಇಲ್ಲ. ಆಕೆಗೆ ಕೊಟ್ಟ ಮಾತು ನೆನಪಾಗಿ ನಿದ್ದೆ ಬರಲಿಲ್ಲ.

ಆಮೇಲೆ ಹಾಕಿಕೊಂಡಿದ್ದು ಕ್ಯೂಬ್ಸ್ ಓಎಸ್. ವಿಂಡೋಸ್‌ನಂತೆ ಇದೂ ಒಂದು ಆಪರೇಟಿಂಗ್ ಸಿಸ್ಟಮ್. ಪೋಲೆಂಡಿನ ಭದ್ರತಾ ತಜ್ಞೆ ಜೊವಾನಾ ರುಟ್ಕೋವ್‌ಸ್ಕಾ ಶುರು ಮಾಡಿದ್ದು. ಮೊದಲ ಆವೃತ್ತಿ 2012ರಲ್ಲಿ ಬಂತು. ದುಡ್ಡು ಕೊಡಬೇಕಿಲ್ಲ. ಕೆಟ್ಟ ಫೈಲು ಒಂದಲ್ಲ ಒಂದು ದಿನ ಒಳಗೆ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಇದು. ಒಂದೇ ಲ್ಯಾಪ್‌ಟಾಪಿನೊಳಗೆ ಹಲವು ಕಂಪ್ಯೂಟರುಗಳಿದ್ದಂತೆ. ಒಂದೊಂದಕ್ಕೂ ಕ್ಯೂಬ್ ಅಂತ ಹೆಸರು, ಕಿಟಕಿಯ ಅಂಚಿಗೆ ಬೇರೆ ಬೇರೆ ಬಣ್ಣ. ನನ್ನಲ್ಲಿ ಇಂಟರ್ನೆಟ್ ಕೆಂಪು, ಕಚೇರಿ ಇಮೇಲ್ ನೀಲಿ, ಕೇಸ್ ಫೈಲುಗಳ 'ವಾಲ್ಟ್' ಕಪ್ಪು. ಆ ಕಪ್ಪಿಗೆ ನೆಟ್ಟೇ ಇಲ್ಲ. ಪೆನ್‌ಡ್ರೈವ್ ಹಾಕಿದರೆ ಅದಕ್ಕೂ ಬೇರೆಯದೇ ಕ್ಯೂಬ್. ನಡುವಿನ ಗೋಡೆ ಝೆನ್ ಎಂಬ ತಂತ್ರಾಂಶದ್ದು. ಅದರಲ್ಲೇ ದೋಷ ಸಿಗುವುದೂ ಉಂಟು. ಹಾಗಾಗಿ ಅಪ್‌ಡೇಟ್ ತಪ್ಪಿಸಬಾರದು.

ನನಗೆ ತುಂಬಾ ಹಿಡಿಸಿದ್ದು ಪಿಡಿಎಫ್ ಶುದ್ಧ ಮಾಡುವ ರೀತಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ, ಕೆಲಸ ಮುಗಿದ ಕೂಡಲೇ ಅಳಿದುಹೋಗುವ ಒಂದು ಕ್ಯೂಬ್ ಏಳುತ್ತದೆ. ಅದರಲ್ಲಿ ಪ್ರತಿ ಪುಟವೂ ಬರೀ ಚಿತ್ರವಾಗುತ್ತದೆ. ಆ ಚಿತ್ರಗಳಿಂದ ಹೊಸ ಪಿಡಿಎಫ್ ಬರುತ್ತದೆ. ಒಳಗೆ ಏನೇ ಅಡಗಿದ್ದರೂ ಅಲ್ಲೇ ಉಳಿಯಿತು. ಅಕ್ಷರವೂ ಚಿತ್ರವಾಗುವುದರಿಂದ ಪದ ಹುಡುಕಲು ಬರುವುದಿಲ್ಲ. ವಕೀಲರು ಗಮನಿಸಿ: ಸಾಕ್ಷ್ಯವಾಗಿ ಕೊಡುವ ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟುಕೊಳ್ಳಿ.

ಕಷ್ಟಗಳೂ ಇವೆ. ಕನ್ನಡ ಫಾಂಟ್ ಹಾಕಿದೆ, ಮರುದಿನ ಮಾಯ! ಕ್ಯೂಬ್ ಮುಚ್ಚಿದಾಗ ಹೋಮ್ ಫೋಲ್ಡರ್ ಬಿಟ್ಟು ಉಳಿದದ್ದು ಹಳೆಯ ಸ್ಥಿತಿಗೆ ಹೋಗುತ್ತದೆ. ಫಾಂಟನ್ನು ಟೆಂಪ್ಲೇಟ್‌ನಲ್ಲಿ, ಅಂದರೆ ಕ್ಯೂಬುಗಳು ತಯಾರಾಗುವ ಮೂಲ ಅಚ್ಚಿನಲ್ಲಿ, ಹಾಕಬೇಕಿತ್ತು. ಇದು ತಿಳಿಯಲು ಎರಡು ಸಂಜೆ ಹೋದವು. ಒಂದು ಸಾಲನ್ನು ಬೇರೆ ಕ್ಯೂಬ್‌ಗೆ ಒಯ್ಯಲು ಕಂಟ್ರೋಲ್-ಸಿ ಆದಮೇಲೆ ಕಂಟ್ರೋಲ್-ಶಿಫ್ಟ್-ಸಿ, ಅಲ್ಲಿ ಕಂಟ್ರೋಲ್-ಶಿಫ್ಟ್-ವಿ, ಆಮೇಲೆ ಕಂಟ್ರೋಲ್-ವಿ. ಈಗ ಬೆರಳಿಗೆ ರೂಢಿಯಾಗಿದೆ. ವಿಡಿಯೊ ಮಾತ್ರ ತಡೆತಡೆದು ಓಡುತ್ತದೆ, ಆನ್‌ಲೈನ್ ವಿಚಾರಣೆಗೆ ನಾನು ಟ್ಯಾಬ್ ಬಳಸುತ್ತೇನೆ.

ಟೇಲ್ಸ್ ಸಾಕಲ್ವಾ ಎಂದು ನನ್ನ ಜೂನಿಯರ್ ಕೇಳಿದ. ಅದೂ ಇಂಥದೇ ಒಂದು ಆಪರೇಟಿಂಗ್ ಸಿಸ್ಟಮ್. 8 ಜಿಬಿ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ನೆಟ್ ಎಲ್ಲ ಟಾರ್ ಎಂಬ, ಬಳಸುವವರ ಗುರುತು ಮರೆಸುವ ಜಾಲದ ಮೂಲಕ, ಆಫ್ ಮಾಡಿದರೆ ಕಂಪ್ಯೂಟರಿನಲ್ಲಿ ಕುರುಹು ಉಳಿಯುವುದಿಲ್ಲ. ಗುಟ್ಟಾಗಿ ಒಮ್ಮೆ ಯಾರನ್ನಾದರೂ ಸಂಪರ್ಕಿಸಲು ಒಳ್ಳೆಯದು. ಐದಾರು ವರ್ಷ ಎಳೆಯುವ ಕೇಸಿನ ಫೈಲುಗಳಿಗೆ ನನ್ನ ಓಟು ಕ್ಯೂಬ್ಸ್‌ಗೇ.

ಕನಿಷ್ಠ 6 ಜಿಬಿ ರ‍್ಯಾಮ್ ಎನ್ನುತ್ತಾರೆ, ಆದರೆ 16 ಇಲ್ಲದೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಕೊಳ್ಳುವ ಮೊದಲು, ಯಾವುದರಲ್ಲಿ ಇದು ಓಡುತ್ತದೆ ಎಂಬ ಕ್ಯೂಬ್ಸ್‌ನವರ ಹೊಂದಾಣಿಕೆ ಪಟ್ಟಿ ನೋಡಿ. ಕಲಿಯಲು ಎರಡು ವಾರ ಬೇಕು. ಕೋರ್ಟಿನ ಬೇಸಿಗೆ ರಜೆಯಲ್ಲಿ ಶುರು ಮಾಡಿ.