ಹಳೆಯ ಬಾಲ್ ಲಾಕ್ ಕೆಗ್: ಸ್ಟೀಲ್ ಗಟ್ಟಿ, ರಬ್ಬರ್ ಬದಲಿಸಲೇಬೇಕು

ಮನೆಯಲ್ಲೇ ಬಿಯರ್ ಮಾಡುವವರಿಗೆ, ತಂಪು ಪಾನೀಯದ ಉದ್ಯಮ ಬಳಸಿ ಬಿಟ್ಟ 19 ಲೀಟರಿನ ಬಾಲ್ ಲಾಕ್ ಕೆಗ್ (ಚಿಕ್ಕ ಗುಂಡುಗಳ ಹಿಡಿತದಲ್ಲಿ ಪೈಪ್ ಕೂರುವ ಸ್ಟೀಲ್ ಪೀಪಾಯಿ) ಧೈರ್ಯವಾಗಿ ಕೊಳ್ಳಬಹುದಾದ ವಸ್ತು. ಆದರೆ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ಸಿರಪ್ಪಿನ ಘಾಟು ಎಷ್ಟು ತೊಳೆದರೂ ಹೋಗದು. ತಪ್ಪು ಸ್ಟೀಲಿನದಲ್ಲ, ವಾಸನೆ ಹೀರಿಕೊಂಡಿರುವುದು ರಬ್ಬರ್.

ಒಂದು ಕೆಗ್ಗಿಗೆ ಐದು ಒ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು: ಮುಚ್ಚಳಕ್ಕೆ ದೊಡ್ಡದೊಂದು, ಅನಿಲ ಒಳಹೋಗುವ ಮತ್ತು ಬಿಯರ್ ಹೊರಬರುವ ಎರಡು ಪೋಸ್ಟ್‌ಗಳಿಗೆ ಒಂದೊಂದು, ಅವುಗಳ ಕೆಳಗೆ ಕೆಗ್ಗಿನೊಳಗೆ ಇಳಿಯುವ ಕೊಳವೆಗಳಾದ ಡಿಪ್ ಟ್ಯೂಬುಗಳ ಕುತ್ತಿಗೆಗೆ ಒಂದೊಂದು. ಐದನ್ನೂ ಎಸೆದು ಹೊಸದು ಹಾಕಿ. ಮುಚ್ಚಳಕ್ಕೆ ಸಿಲಿಕೋನ್ ರಿಂಗ್ ಮೆತ್ತಗಿದ್ದು ಚೆನ್ನಾಗಿ ಕೂರುತ್ತದೆ ನಿಜ, ಆದರೆ ಆಮ್ಲಜನಕವನ್ನು ಹೆಚ್ಚು ಒಳಬಿಡುತ್ತದೆ. ತಿಂಗಳುಗಟ್ಟಲೆ ಇಡುವ ಬಿಯರಿಗೆ ನೈಟ್ರೈಲ್ ಅಥವಾ ಇಪಿಡಿಎಂ ಎಂಬ ಕೃತಕ ರಬ್ಬರ್ ಮೇಲು.

ತೊಳೆಯುವ ಮೊದಲು ಮುಚ್ಚಳದ ವಾಲ್ವ್ ಎಳೆದು ಒತ್ತಡವನ್ನು ಪೂರ್ತಿ ಬಿಡಿ, ಆಮೇಲಷ್ಟೇ ಪೋಸ್ಟ್‌ಗಳಿಗೆ ಸ್ಪ್ಯಾನರ್ ಹಾಕಿ. ಉದ್ದನೆಯ ಡಿಪ್ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ: ಒಳಗೋಡೆಗೆ ಕಂದು ಪಾಚಿಯಂಥ ಪದರ ಅಂಟಿದ್ದರೆ ಬ್ಯಾಕ್ಟೀರಿಯಾ ಮನೆ ಮಾಡಿರುವುದು ಅಲ್ಲೇ. ಅದಕ್ಕೆ ಉದ್ದ ಬ್ರಷ್ಷೇ ಬೇಕು, ನೀರು ಹಾಯಿಸಿದರೆ ಸಾಲದು. ಪೋಸ್ಟ್ ಒಳಗಿನ ಪಾಪೆಟ್ (ತೆರೆದು ಮುಚ್ಚುವ ಪುಟ್ಟ ಕವಾಟ) ಸ್ಪ್ರಿಂಗಿನ ಸಂದುಗಳಲ್ಲೂ ಹಳೆಯ ಪಾನೀಯ ಒಣಗಿ ಕೂತಿರುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರಿಗೆ ಲೀಟರಿಗೆ 7–8 ಗ್ರಾಂ ಪಿಬಿಡಬ್ಲ್ಯು ಎಂಬ ಕ್ಷಾರೀಯ ತೊಳೆಯುವ ಪುಡಿ ಹಾಕಿ, ಕೆಗ್ಗನ್ನು ಕಂಠಮಟ್ಟ ತುಂಬಿಸಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಜಾಲಿಸಿದ ಮೇಲೆ ಲೀಟರಿಗೆ 1.5 ಮಿ.ಲೀ. ಸ್ಟಾರ್ ಸ್ಯಾನ್ ಎಂಬ ಸೂಕ್ಷ್ಮಾಣುನಾಶಕ ದ್ರವ ಬೆರೆಸಿದ ನೀರು ಹಾಯಿಸಿ. ಉಳಿಯುವ ನೊರೆಗೆ ಹೆದರಬೇಡಿ. ಬ್ಲೀಚ್ ಮಾತ್ರ ಬೇಡವೇ ಬೇಡ. ಕ್ಲೋರಿನ್ ಸ್ಟೀಲನ್ನು ಚುಕ್ಕಿಚುಕ್ಕಿಯಾಗಿ ಕೊರೆಯುತ್ತದೆ. ಉಳಿದ ಅಂಶ ಬಿಯರಿನ ಫೀನಾಲ್‌ಗಳ ಜೊತೆ ಸೇರಿದರೆ ಆಸ್ಪತ್ರೆ ಬ್ಯಾಂಡೇಜಿನ ವಾಸನೆ ಬರುತ್ತದೆ.

ಇಷ್ಟಾದ ಮೇಲೂ ವಾಸನೆ ಬಂದರೆ ಕೆಗ್ಗನ್ನು ಬೈಯುವ ಮೊದಲು ಲೋಟಗಳನ್ನು ಹೋಲಿಸಿ. ಮೊದಲ ಲೋಟ ಮಾತ್ರ ಕೆಟ್ಟಿದ್ದು ಮೂರನೆಯದು ಸರಿಯಿದ್ದರೆ ದೋಷ ಪೈಪ್ ಮತ್ತು ನಲ್ಲಿಯದು. ಅವನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಬೆಣ್ಣೆಯ ವಾಸನೆ ಡೈಅಸಿಟೈಲ್: ಹುದುಗುವಿಕೆ ಮುಗಿಯುವ ಮೊದಲೇ ತುಂಬಿದ್ದಕ್ಕೂ ಬರುತ್ತದೆ, ಪೈಪಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಪೀಡಿಯೊಕಾಕಸ್‌ನಿಂದಲೂ ಬರುತ್ತದೆ. ವಿನೆಗರ್ ಹುಳಿ ಅಥವಾ ಒದ್ದೆ ರಟ್ಟಿನ ವಾಸನೆಯಿದ್ದರೆ ಗಾಳಿ ಒಳಹೊಕ್ಕಿದೆ. ಮುಂದಿನ ಸಲ ಬಿಯರ್ ತುಂಬುವ ಮೊದಲು ಖಾಲಿ ಕೆಗ್ಗಿನ ಗಾಳಿಯನ್ನು ಇಂಗಾಲದ ಡೈಆಕ್ಸೈಡಿನಿಂದ ಹೊರದಬ್ಬಿ. ಕೊಳೆತ ಮೊಟ್ಟೆಯ ವಾಸನೆ ಯೀಸ್ಟ್ ಬಿಟ್ಟ ಗಂಧಕದ್ದು, ತಣ್ಣಗೆ ಹುದುಗಿಸುವ ಲ್ಯಾಗರ್‌ಗಳಲ್ಲಿ ಹೆಚ್ಚು. ದಿನಕ್ಕೊಮ್ಮೆ ವಾಲ್ವ್ ಎಳೆದು ಅನಿಲ ಬಿಡುತ್ತಿದ್ದರೆ ಬಹುಮಟ್ಟಿಗೆ ಇಳಿಯುತ್ತದೆ.

ಕೊಳ್ಳುವಾಗ ಹೊರಗಿನ ಗೀರುಗಳನ್ನು ಲೆಕ್ಕಿಸಬೇಡಿ. ಮುಚ್ಚಳ ಕೂರುವ ಅಂಚಿನ ಸುತ್ತ ಬೆರಳಾಡಿಸಿ. ಅಲ್ಲಿ ತಗ್ಗು ತಾಕಿದರೆ, 2 ಬಾರ್ ಒತ್ತಡ ತುಂಬಿ ಸೋಪಿನ ನೀರು ಸವರಿ. ಗುಳ್ಳೆ ನಿಲ್ಲದಿದ್ದರೆ ಎಷ್ಟು ಅಗ್ಗವಾದರೂ ಆ ಕೆಗ್ ಬೇಡ.