ಕಿತ್ತಳೆ ಕೋನಿನ ಜೊತೆ ಹದಿನಾರು ವರ್ಷ: ಅಪ್‌ಡೇಟ್ ಈಗಲೇ ಹಾಕಬೇಕೋ, ಆಷಾಢಕ್ಕೆ ಕಾಯಬೇಕೋ?

ಅರಸೀಕೆರೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ ಹಿಡಿದು ಮದುವೆ ವಿಡಿಯೋವರೆಗೆ ಎಲ್ಲ ಕೆಲಸವೂ ಉಂಟು. 2009ರ ಕೊನೆಗೆ, ವಿಡಿಯೋ ಓಡಿಸುವ ಉಚಿತ ಸಾಫ್ಟ್‌ವೇರ್ ವಿಎಲ್‌ಸಿ ಪ್ಲೇಯರಿನ 1.0 ಆವೃತ್ತಿ ಬಂದ ವರ್ಷವೇ, ಅದನ್ನು ಮೊದಲ ಸಲ ಹಾಕಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಅದರ ಗುರುತಾದ ಆ ಕಿತ್ತಳೆ ಬಣ್ಣದ ಕೋನ್ ಇಲ್ಲದ ಕಂಪ್ಯೂಟರ್ ನನ್ನ ಅಂಗಡಿಯಲ್ಲಿ ಇದ್ದದ್ದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಳೆದೆ ಅನ್ನುವುದು ಮುಂದೆ ಬರುತ್ತದೆ.

ಇಷ್ಟು ವರ್ಷದ ಮೇಲೆ ಬರೆಯಲು ಕೂರಿಸಿದ್ದು ಕೌಂಟರಿಗೆ ಬರುವವರ ಒಂದೇ ಪ್ರಶ್ನೆ. "ಅಣ್ಣಾ, ಇದು ಯಾವಾಗ ನೋಡಿದ್ರೂ ಅಪ್‌ಡೇಟ್ ಕೇಳುತ್ತಲ್ಲ, ಕೊಡ್ಬೇಕಾ? ಚೆನ್ನಾಗೇ ಓಡ್ತಿದೆಯಲ್ಲ, ಕೊಡದಿದ್ರೆ ಏನಾಗುತ್ತೆ?"

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಎಲ್‌ಸಿಗೆ ಮುಂಚೆ ಗಿರಾಕಿ ಕೊಟ್ಟ ಸಿಡಿ ಓಡಬೇಕೆಂದರೆ ಕೋಡೆಕ್ (ವಿಡಿಯೋವನ್ನು ಕುಗ್ಗಿಸುವ, ಬಿಡಿಸುವ ಸಾಫ್ಟ್‌ವೇರ್) ಪ್ಯಾಕ್ ಹುಡುಕಿಕೊಂಡು ಅಲೆಯಬೇಕಿತ್ತು. ಒಂದು ಹಾಕಿದರೆ ಚಿತ್ರ ಬಂತು, ದನಿ ಇಲ್ಲ. ಇನ್ನೊಂದು ಹಾಕಿದರೆ ದನಿ ಬಂತು, ಚಿತ್ರ ತಲೆಕೆಳಗು. ವಿಎಲ್‌ಸಿ ಬೇಕಾದ ಕೋಡೆಕ್‌ಗಳನ್ನೆಲ್ಲ ತನ್ನ ಗಂಟಿನಲ್ಲೇ ಕಟ್ಟಿಕೊಂಡು ಬಂತು. ಹಳೇ ವಿಸಿಡಿಯ ಡ್ಯಾಟ್ ಫೈಲ್ ಎಳೆದು ಹಾಕಿದರೂ ಓಡಿತು. ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್‌ನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸವಿದು. 2001ರಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಆ ಹುಡುಗರು ತಂದು ಗುಡ್ಡೆ ಹಾಕಿಕೊಂಡಿದ್ದ ಟ್ರಾಫಿಕ್ ಕೋನ್‌ಗಳಿಂದಲೇ ಈ ಗುರುತು ಹುಟ್ಟಿದ್ದಂತೆ. ದುಡ್ಡಿಲ್ಲ, ಜಾಹೀರಾತಿಲ್ಲ.

ಈ ಗಂಟಿನ ಮಾತು ನೆನಪಿರಲಿ. ಅಪ್‌ಡೇಟಿನ ಕಥೆಯೆಲ್ಲ ಅದರೊಳಗೇ ಇದೆ.

ಮೊದಲು ಲೆಕ್ಕ ಹಾಕೋಣ. ವಿಎಲ್‌ಸಿ 3.0 ಬಂದದ್ದು 2018ರ ಫೆಬ್ರವರಿಯಲ್ಲಿ, 3.0.21 ಬಂದದ್ದು 2024ರ ಜೂನ್‌ನಲ್ಲಿ. ಆರು ವರ್ಷ ದಾಟಿ ನಾಲ್ಕು ತಿಂಗಳು. ಇಪ್ಪತ್ತೊಂದು ಅಪ್‌ಡೇಟಿಗೆ ಭಾಗಿಸಿದರೆ ಹೆಚ್ಚುಕಡಿಮೆ ಮೂರೂವರೆ ತಿಂಗಳಿಗೊಂದು. ಒಂದೊಂದೂ 40–45 ಎಂಬಿ, ಅಂದರೆ ವಾಟ್ಸಾಪಿನಲ್ಲಿ ಬರುವ ನಾಲ್ಕು ಗುಡ್ ಮಾರ್ನಿಂಗ್ ವಿಡಿಯೋ. ಇದಕ್ಕೆ "ಯಾವಾಗ ನೋಡಿದ್ರೂ" ಅನ್ನುವುದು ಸ್ವಲ್ಪ ಅನ್ಯಾಯ. ಆದರೂ ಯಾಕೆ ಬೇಕು?

ಒಂದು ಕಾರಣ ಗಿರಾಕಿಗಳ ಜೇಬಿನಲ್ಲೇ ಇದೆ. ಅವರ ಫೋನ್ ಬದಲಾದ ಹಾಗೆ ನನಗೆ ಬರುವ ಫೈಲೂ ಬದಲಾಗುತ್ತದೆ. ವಿಡಿಯೋವನ್ನು ಕುಗ್ಗಿಸಿ ಇಡುವ ಎಚ್.264 ಎಂಬ ವಿಧಾನ ಬಂದದ್ದು 2003ರಲ್ಲಿ. ಅದನ್ನು ಹಿಂದೆ ಹಾಕಲು ಎಚ್‌ಇವಿಸಿ 2013ರಲ್ಲಿ ಬಂತು. 2017ರಲ್ಲಿ ಐಒಎಸ್ 11 ಬಂದಮೇಲೆ ಹೊಸ ಐಫೋನ್‌ಗಳು ವಿಡಿಯೋವನ್ನು ಎಚ್‌ಇವಿಸಿಯಲ್ಲೇ ಹಿಡಿಯತೊಡಗಿದವು. ಅಳಿಯ ಐಫೋನಿನಲ್ಲಿ ಹಿಡಿದ ಅರಿಶಿನ ಶಾಸ್ತ್ರ ಹಳೇ ಪ್ಲೇಯರಿಗೆ ಅರ್ಥವಾಗದೆ ಕಪ್ಪು ಪರದೆ ತೋರಿಸುತ್ತಿದ್ದರೆ ಫೈಲ್ ಕೆಟ್ಟಿದೆ ಎಂದು ಗಾಬರಿಯಾಗುವವರೇ ಹೆಚ್ಚು. ಕೆಟ್ಟಿರುವುದಿಲ್ಲ, ಭಾಷೆ ಹೊಸದು, ಅಷ್ಟೆ. ಆಮೇಲೆ 2018ರಲ್ಲಿ ಎವಿ1 ಬಂತು. ಅದನ್ನು ಬಿಡಿಸಲು ವಿಎಲ್‌ಸಿಯ ಹಿಂದಿರುವ ವಿಡಿಯೋಲ್ಯಾನ್‌ನವರೇ ಡೇವಿಡ್ ಎಂಬ ಡಿಕೋಡರ್ ಬರೆದು ಗಂಟಿಗೆ ಸೇರಿಸಿದರು. ಹಳೇ ಆವೃತ್ತಿ ಇಟ್ಟುಕೊಂಡವರ ಗಂಟಿನಲ್ಲಿ ಅದಿರುವುದಿಲ್ಲ.

ಕನ್ನಡದವರಿಗೆ ಇನ್ನೊಂದು ಲಾಭ ಆಯಿತು, ಯಾರೂ ಅದನ್ನು ಎತ್ತಿ ಹೇಳುವುದಿಲ್ಲ. ವಿಡಿಯೋ ಕೆಳಗಿನ ಸಬ್‌ಟೈಟಲ್ ಇಂಗ್ಲಿಷಿನಲ್ಲಿದ್ದರೆ ಅಕ್ಷರದ ಪಕ್ಕ ಅಕ್ಷರ ಜೋಡಿಸಿದರೆ ಮುಗಿಯಿತು. ನಮ್ಮದು ಹಾಗಲ್ಲ. ಒತ್ತು ಕೆಳಗೆ ಇಳಿಯಬೇಕು, ಗುಣಿತ ಅಂಟಿಕೊಳ್ಳಬೇಕು. ಆ ಜೋಡಣೆ ಗೊತ್ತಿಲ್ಲದ ಹಳೇ ಪ್ಲೇಯರುಗಳಲ್ಲಿ "ಅಮ್ಮ" ಅನ್ನುವುದು "ಅಮ್‌ಮ" ಆಗಿ ನಿಲ್ಲುತ್ತಿತ್ತು. ಈ ಜೋಡಣೆಗೆಂದೇ ಇರುವ ಹಾರ್ಫ್‌ಬಜ್ ಎಂಬ ಲೈಬ್ರರಿಯನ್ನು (ಬೇರೆ ಸಾಫ್ಟ್‌ವೇರ್‌ಗಳು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡನ್ನು) ವಿಎಲ್‌ಸಿ 3.0ರಲ್ಲಿ ಅಕ್ಷರ ಬರೆಯುವ ಭಾಗಕ್ಕೆ ಸೇರಿಸಿದರು. ಅಪ್‌ಡೇಟ್ ಎಂದರೆ ಬರೀ ಕಾಟ ಅನ್ನುವವರಿಗೆ ನಾನು ಮೊದಲು ತೋರಿಸುವುದೇ ಒಂದು ಕನ್ನಡ ಸಬ್‌ಟೈಟಲ್.

ಇವೆರಡೂ ಅನುಕೂಲದ ಮಾತು. ಬೇಡ ಅಂದರೆ ಬಿಡಬಹುದು. ಬಿಡಲಾಗದ್ದು ಮೂರನೆಯದು.

ಮದುವೆ ಊಟದ ಪಂಕ್ತಿ ನೆನೆಸಿಕೊಳ್ಳಿ. ಬಡಿಸುವವನು "ಒಂದು ಸೌಟು ಸಾರು" ಅಂತ ಹೇಳಿ ಬಕೆಟ್ಟನ್ನೇ ಬಗ್ಗಿಸಿದರೆ ನಿಮ್ಮ ಎಲೆ ತುಂಬಿ ಪಕ್ಕದವರ ಎಲೆಗೆ ಹರಿಯುತ್ತದೆ. ವಿಡಿಯೋ ಫೈಲಿನೊಳಗೂ "ಈ ತುಂಡಿನ ಅಳತೆ ಇಷ್ಟು" ಎಂದು ಅಲ್ಲಲ್ಲಿ ಬರೆದಿರುತ್ತದೆ. ಪ್ಲೇಯರ್ ಅದನ್ನು ನಂಬಿ ಮೆಮೊರಿಯಲ್ಲಿ ಅಷ್ಟೇ ಜಾಗ ಬಿಡುತ್ತದೆ. ಬೇಕೆಂದೇ ಸುಳ್ಳು ಅಳತೆ ಬರೆದ ಫೈಲ್ ಬಂದರೆ ಹೆಚ್ಚಾದದ್ದು ಪಕ್ಕದ ಜಾಗಕ್ಕೆ ಹರಿಯುತ್ತದೆ. ಹರಿದದ್ದು ಸಾರಾದರೆ ಒರೆಸಬಹುದು. ಕಂಪ್ಯೂಟರಿಗೆ ಕೊಡುವ ಆಜ್ಞೆಯಾಗಿದ್ದರೆ? ಬಫರ್ ಓವರ್‌ಫ್ಲೋ ಅನ್ನುವುದು ಇದನ್ನೇ. ವೇಗ ಬೇಕೆಂದು ಸಿ ಭಾಷೆಯಲ್ಲಿ ಬರೆದ ಡಿಕೋಡರುಗಳಲ್ಲಿ ಪ್ರತಿ ಅಳತೆಯನ್ನೂ ಬರೆದವರೇ ಪರೀಕ್ಷೆ ಮಾಡಿಕೊಳ್ಳಬೇಕು. ಒಂದು ಕಡೆ ಮರೆತರೂ ಅಲ್ಲೊಂದು ತೂತು. 2020ರ ಜೂನ್‌ನಲ್ಲಿ ಬಂದ 3.0.11 ಮುಚ್ಚಿದ್ದು ಇಂಥದೇ ಒಂದನ್ನು.

ವರ್ಡ್ ಫೈಲಿಗಿಂತ ವಿಡಿಯೋದಲ್ಲಿ ಈ ಪೀಕಲಾಟ ಹೆಚ್ಚು. ಯಾಕೆಂದರೆ ಪ್ಲೇಯರ್ ಬಿಡಿಸಬೇಕಾದ ಭಾಷೆಗಳು ಹತ್ತಾರು, ಅದರ ಪಾಲಿಗೆ ಬರುವ ಫೈಲ್‌ಗಳೆಲ್ಲ ಅಪರಿಚಿತರವು. 2015ರಲ್ಲಿ ಆಂಡ್ರಾಯ್ಡಿನ ಸ್ಟೇಜ್‌ಫ್ರೈಟ್ ಎಂಬ ಮೀಡಿಯಾ ಲೈಬ್ರರಿಯ ದೋಷಗಳು ಹೊರಬಂದಾಗ, ಒಂದು ಎಂಎಂಎಸ್ ವಿಡಿಯೋ ಕಳಿಸಿದರೂ ಫೋನ್ ಕೈತಪ್ಪಬಹುದು ಎಂದು ಗೊತ್ತಾಯಿತು. ಗೂಗಲ್ ತಿಂಗಳಿಗೊಂದು ಭದ್ರತಾ ಅಪ್‌ಡೇಟ್ ಕೊಡಲು ಶುರುಮಾಡಿದ್ದು ಅದರ ಬೆನ್ನಿಗೇ. 2017ರ ಮೇನಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯವರು ಸಬ್‌ಟೈಟಲ್ ಫೈಲಿನಿಂದಲೇ ಕಂಪ್ಯೂಟರ್ ವಶಮಾಡಿಕೊಳ್ಳಬಹುದು ಎಂದು ತೋರಿಸಿದರು. ವಿಎಲ್‌ಸಿ, ಕೋಡಿ, ಸ್ಟ್ರೀಮಿಯೋ ಪ್ಲೇಯರುಗಳೆಲ್ಲ ಆ ಪಟ್ಟಿಯಲ್ಲಿದ್ದವು, ಎಲ್ಲರೂ ತಿದ್ದಿಕೊಂಡರು. ನಾಲ್ಕು ಸಾಲು ಮಾತು ಬರೆದ ಫೈಲ್ ಏನು ಮಾಡೀತು ಅಂದುಕೊಂಡಿದ್ದ ನಾನು ಅವತ್ತಿನಿಂದ ಸಿಕ್ಕಸಿಕ್ಕಲ್ಲಿ ಸಬ್‌ಟೈಟಲ್ ಇಳಿಸುವುದನ್ನು ಬಿಟ್ಟೆ.

2019ರ ಎರಡು ಘಟನೆಗಳನ್ನು ಹೇಳಲೇಬೇಕು. ಆ ವರ್ಷ ಯುರೋಪಿಯನ್ ಕಮಿಷನ್, ವಿಎಲ್‌ಸಿಯಲ್ಲಿ ದೋಷ ಹುಡುಕಿಕೊಟ್ಟವರಿಗೆ ಬಹುಮಾನ ಕೊಡಲು ಹಣ ಹಾಕಿತು. ಹುಡುಕುವವರು ಹೆಚ್ಚಾದರು, ಜೂನ್‌ನ 3.0.7ರಲ್ಲಿ ಒಟ್ಟಿಗೆ 33 ಭದ್ರತಾ ದೋಷ ಸರಿಯಾದವು. ಪಟ್ಟಿ ನೋಡಿ "ಅಯ್ಯೋ ಇಷ್ಟೊಂದು ತೂತಾ!" ಅಂದವರಿದ್ದಾರೆ. ನನಗೆ ಧೈರ್ಯ ಬಂತು. ಯಾರೂ ಹುಡುಕದ ಪ್ಲೇಯರಿನಲ್ಲಿ ತೂತು ಇಲ್ಲವೆಂದಲ್ಲ, ಲೆಕ್ಕ ಇಲ್ಲ ಅಷ್ಟೆ.

ಮುಂದಿನ ತಿಂಗಳೇ ಜರ್ಮನಿಯ ಸೈಬರ್ ಭದ್ರತಾ ತಂಡ ವಿಎಲ್‌ಸಿಯಲ್ಲಿ ಗಂಭೀರ ದೋಷವಿದೆ ಎಂದು ಎಚ್ಚರಿಸಿತು, ಅನ್‌ಇನ್‌ಸ್ಟಾಲ್ ಮಾಡಿ ಎಂಬ ಸುದ್ದಿ ಹಬ್ಬಿತು. ಕೆದಕಿ ನೋಡಿದರೆ ದೋಷ ಇದ್ದದ್ದು ಲಿಬ್‌ಇಬಿಎಂಎಲ್ ಎಂಬ ಬೇರೆ ಲೈಬ್ರರಿಯಲ್ಲಿ. ಅದನ್ನು ಸರಿಪಡಿಸಿ 16 ತಿಂಗಳು ದಾಟಿತ್ತು, 3.0.3ರಿಂದಲೇ ವಿಎಲ್‌ಸಿಯವರು ಕೊಡುವ ಗಂಟಿನಲ್ಲಿ ಹೊಸದೇ ಇತ್ತು. ದೂರು ಕೊಟ್ಟವರ ಹಳೇ ಉಬುಂಟುವಿನಲ್ಲಿ (ಅದು ಲಿನಕ್ಸ್‌ನ ಒಂದು ಬಗೆ) ಪ್ಲೇಯರ್ ಹೊಸದು, ಆ ಲೈಬ್ರರಿ ಮಾತ್ರ ಹಳತು. ವಿಂಡೋಸ್‌ನಲ್ಲಿ ಪ್ಲೇಯರನ್ನು ಅಪ್‌ಡೇಟ್ ಮಾಡಿದರೆ ಇಡೀ ಗಂಟೇ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಗಂಟು ಬಿಚ್ಚಿ ಒಂದೊಂದು ಕಡೆ ಇಟ್ಟಿರುತ್ತಾರೆ, ಅಲ್ಲಿ ಸಿಸ್ಟಮ್ಮನ್ನೇ ಅಪ್‌ಡೇಟ್ ಮಾಡಬೇಕು. ಫೋಟೋ ಮಾತ್ರ ನೋಡುತ್ತೇನೆ ಅನ್ನುವವರಿಗೂ ವಿನಾಯಿತಿಯಿಲ್ಲ: 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರ ಬಿಡಿಸುವ ಒಂದೇ ಒಂದು ಲೈಬ್ರರಿಯ ದೋಷಕ್ಕೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ತುರ್ತಾಗಿ ಅಪ್‌ಡೇಟ್ ಕೊಡಬೇಕಾಯಿತು.

ಈಗ ನನ್ನ ಕೌಂಟರಿನ ಕಂಪ್ಯೂಟರ್ ನೋಡಿ. ದಿನಕ್ಕೆ ಹತ್ತು ಹದಿನೈದು ಪೆನ್‌ಡ್ರೈವ್. ಯಾರದು, ಎಲ್ಲೆಲ್ಲಿ ಚುಚ್ಚಿ ಬಂದದ್ದು, ಒಳಗೇನಿದೆ, ಒಂದೂ ಗೊತ್ತಿಲ್ಲ. ಇಂಥ ಯಂತ್ರದಲ್ಲಿ ಕೋನ್ ಅಪ್‌ಡೇಟ್ ಕೇಳಿದ ದಿನವೇ ಕೊಡುತ್ತೇನೆ. ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ ಯೋಚನೆಯನ್ನೇ ಮಾಡುವುದಿಲ್ಲ. ಅಂಥವುಗಳಲ್ಲಿ ಬರುವುದು ಹೆಚ್ಚಾಗಿ ರಿಪೇರಿ, ಹೊಸ ವೈಯಾರ ಕಡಿಮೆ. ಮೊದಲ ಅಂಕಿ ಬದಲಾದರೆ, 2 ಹೋಗಿ 3 ಆದ ಹಾಗೆ, ತಿಂಗಳೊಪ್ಪತ್ತು ಬೇರೆಯವರು ಬಳಸಲಿ ಎಂದು ಬಿಡುತ್ತೇನೆ.

ಒಳಗಿನ ಎಡಿಟಿಂಗ್ ಕಂಪ್ಯೂಟರಿನ ನೀತಿ ಬೇರೆ. ಅದಕ್ಕೊಂದು ಕಥೆ ಇದೆ. ಹೆಸರು ಬೇಡ, ಬಾಡಿಗೆ ಲೆಕ್ಕದಲ್ಲಿ ದುಡ್ಡು ಕಟ್ಟುವ ಒಂದು ಎಡಿಟಿಂಗ್ ಸಾಫ್ಟ್‌ವೇರ್. ಮದುವೆ ವಿಡಿಯೋ ಕೊಡಬೇಕಾದ ಹಿಂದಿನ ರಾತ್ರಿ ದೊಡ್ಡ ಅಪ್‌ಡೇಟ್ ಕೇಳಿತು. ಕೊಟ್ಟೆ. ಪ್ರಾಜೆಕ್ಟ್ ಫೈಲನ್ನು ಹೊಸ ಆವೃತ್ತಿಗೆ ಪರಿವರ್ತಿಸುತ್ತೇನೆ ಅಂತು. ಸರಿ ಅಂದೆ. ಬಣ್ಣ ಸರಿಮಾಡಲು ಹಾಸನದ ಗೆಳೆಯನಿಗೆ ಕಳಿಸಿದರೆ ಅವನ ಹಳೇ ಆವೃತ್ತಿಯಲ್ಲಿ ತೆರೆಯಲೇ ಇಲ್ಲ. ಹಿಂದಕ್ಕೆ ಹೋಗೋಣ ಅಂದರೆ ಹಳೇ ಪ್ರತಿಯನ್ನು ನಾನು ಎತ್ತಿಟ್ಟಿರಲಿಲ್ಲ. ಬೆಳಗಿನ ಜಾವ ನಾಲ್ಕರವರೆಗೆ ಧಾರೆಯ ಭಾಗವನ್ನು ಮತ್ತೆ ಮೊದಲಿನಿಂದ ಕತ್ತರಿಸಿದೆ. ತಪ್ಪು ಅದರದ್ದು ಅನ್ನುವುದಕ್ಕಿಂತ ನನ್ನ ಹೊತ್ತಿನದು.

ಅಂದಿನಿಂದ ನಮ್ಮಲ್ಲಿ ಎಡಿಟಿಂಗ್ ಸಿಸ್ಟಮ್ಮಿಗೆ ದೊಡ್ಡ ಅಪ್‌ಡೇಟ್ ವರ್ಷಕ್ಕೆ ಎರಡೇ ಸಲ, ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ. ಆಗ ಮದುವೆಗಳಿರುವುದಿಲ್ಲ, ಹಾಳಾದರೂ ಸರಿಮಾಡಿಕೊಳ್ಳಲು ಹೊತ್ತಿರುತ್ತದೆ. ಅಪ್‌ಡೇಟಿಗೆ ಮುಂಚೆ ನಡೆಯುತ್ತಿರುವ ಪ್ರಾಜೆಕ್ಟುಗಳೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ. ಆ ಸಿಸ್ಟಮ್ಮಿಗೆ ಗಿರಾಕಿಯ ಪೆನ್‌ಡ್ರೈವ್ ಚುಚ್ಚುವ ಹಾಗಿಲ್ಲ. ಕೌಂಟರಿನಲ್ಲಿ ತಪಾಸಣೆಯಾಗಿಯೇ ಒಳಗೆ ಹೋಗಬೇಕು. ತಡಮಾಡುವ ಸ್ವಾತಂತ್ರ್ಯ ನಾವು ಕೊಂಡದ್ದು ಹೀಗೆ.

ಯಾವಾಗ ಅನ್ನುವುದಕ್ಕಿಂತ ಎಲ್ಲಿಂದ ಅನ್ನುವುದರಲ್ಲಿ ನಾನು ಹೆಚ್ಚು ಪೆಟ್ಟು ತಿಂದಿದ್ದೇನೆ. 2022ರ ಫೆಬ್ರವರಿಯಿಂದ ಭಾರತದಲ್ಲಿ ವಿಡಿಯೋಲ್ಯಾನ್ ಜಾಲತಾಣವನ್ನೇ ತಡೆದಿದ್ದರು. ಯಾಕೆ ಅಂತ ಆಗ ಸಾರ್ವಜನಿಕವಾಗಿ ಯಾರೂ ಹೇಳಲಿಲ್ಲ. ಆ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆಯ ಸಿಮ್ಯಾಂಟೆಕ್‌ನವರು ಸಿಕಾಡಾ ಎಂಬ ಹ್ಯಾಕರ್ ಗುಂಪು ವಿಎಲ್‌ಸಿಯ ಜೊತೆ ತನ್ನದೊಂದು ಫೈಲ್ ಸೇರಿಸಿ ಓಡಿಸುತ್ತಿತ್ತು ಎಂದು ಬರೆದಿದ್ದರು. ಅದೇ ಕಾರಣವಿರಬೇಕು ಎಂದು ಹಲವರು ಊಹಿಸಿದರು. ಆಪ್ ನಿಷೇಧವಾಗಿರಲಿಲ್ಲ, ಪ್ಲೇ ಸ್ಟೋರಿನಲ್ಲಿ ಸಿಗುತ್ತಲೇ ಇತ್ತು. ಮುಚ್ಚಿದ್ದು ಸರಿಯಾದ ಮೂಲವನ್ನು ಮಾತ್ರ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಂಟರ್‌ನೆಟ್ ಫ್ರೀಡಂ ಫೌಂಡೇಷನ್ ನೆರವಿನಿಂದ ವಿಡಿಯೋಲ್ಯಾನ್ ಲೀಗಲ್ ನೋಟಿಸ್ ಕೊಟ್ಟಮೇಲೆ, ನವೆಂಬರಿನಲ್ಲಿ ತಡೆ ತೆಗೆದರು.

ಆ ಒಂಬತ್ತು ತಿಂಗಳಲ್ಲಿ ನನ್ನ ಅಂಗಡಿಯ ಹುಡುಗ ಹೊಸ ಲ್ಯಾಪ್‌ಟಾಪಿಗೆ ಹಾಕಲು ಹುಡುಕಿ, ಮೇಲೆ ಸಿಕ್ಕಿದ ಯಾವುದೋ ಸೈಟಿನಿಂದ ಇಳಿಸಿದ. ಕೋನ್ ಬಂತು. ಅದರ ಹಿಂದೆ ಬ್ರೌಸರಿನ ಮುಖಪುಟ ಬದಲಾಯಿತು, ಮೂಲೆಯಲ್ಲಿ ರಮ್ಮಿ ಆಟದ ಜಾಹೀರಾತು ಕುಣಿಯತೊಡಗಿತು. ವಿಂಡೋಸನ್ನೇ ಹೊಸದಾಗಿ ಹಾಕಿಸಬೇಕಾಯಿತು. ಈಗ ವಿಡಿಯೋಲ್ಯಾನ್‌ನ ಸ್ವಂತ ತಾಣ, ಇಲ್ಲವೇ ಪ್ಲೇಯರಿನ ಹೆಲ್ಪ್ ಮೆನುವಿನಲ್ಲಿರುವ ಚೆಕ್ ಫಾರ್ ಅಪ್‌ಡೇಟ್ಸ್, ಇವೆರಡು ಬಿಟ್ಟು ಬೇರೆ ದಾರಿಯಿಲ್ಲ. ಸಿನಿಮಾ ನೋಡುವ ಸೈಟಿನಲ್ಲಿ "ನಿಮ್ಮ ಪ್ಲೇಯರ್ ಹಳತಾಗಿದೆ, ಇಲ್ಲಿ ಒತ್ತಿ" ಅಂತ ಬಂದರೆ ಒತ್ತಬೇಡಿ. ಸೈಟಿಗೆ ನಿಮ್ಮ ಪ್ಲೇಯರಿನ ಚಿಂತೆ ಯಾಕೆ?

ಈಗ ಆ ಅರ್ಧ ಅಂಕ. 2021ರಲ್ಲಿ ವಿಂಡೋಸಿಗೆ ಬಂದ ವಿಎಲ್‌ಸಿ 3.0.12, 3.0.13 ಆವೃತ್ತಿಗಳಲ್ಲಿ ಅಪ್‌ಡೇಟ್ ಮಾಡುವ ಭಾಗದಲ್ಲೇ ದೋಷವಿತ್ತು. ಹೊಸ ಫೈಲನ್ನು ಇಳಿಸಿಕೊಳ್ಳುತ್ತಿತ್ತು, ಪರೀಕ್ಷಿಸುತ್ತಿತ್ತು, ಇನ್‌ಸ್ಟಾಲ್ ಮಾತ್ರ ಮಾಡುತ್ತಿರಲಿಲ್ಲ. 3.0.14ನ್ನು ಕೈಯಾರೆ ಹಾಕಿಕೊಳ್ಳಿ ಎಂದು ಅವರೇ ಹೇಳಿದರು. ಇವತ್ತಿಗೂ ಕೆಲವರ ಮನೆಯಲ್ಲಿ 3.0.12 ಕೂತಿರುತ್ತದೆ. ಹೆಲ್ಪ್ ಮೆನುವಿನ ಅಬೌಟ್ ಒತ್ತಿ ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಅಪ್‌ಡೇಟ್ ಕೇಳದ ಸಾಫ್ಟ್‌ವೇರ್ ಕಂಡರೆ ನನಗೀಗ ಇನ್ನೂ ಅನುಮಾನ. ವಿಂಡೋಸ್‌ಗೆ ತನ್ನ ಕ್ವಿಕ್‌ಟೈಮ್ ಪ್ಲೇಯರ್ ಕೊಡುವುದನ್ನು ಆಪಲ್ 2016ರಲ್ಲಿ ಕೈಬಿಟ್ಟಾಗ ಎರಡು ತೂತು ಹಾಗೇ ಉಳಿದವು, ತೆಗೆದುಹಾಕಿ ಎಂದು ಅಮೆರಿಕದ ಸರ್ಕಾರಿ ತಂಡವೇ ಹೇಳಬೇಕಾಯಿತು. ಬ್ರೌಸರಿನಲ್ಲಿ ವಿಡಿಯೋ ಓಡಿಸುತ್ತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನನ್ನ ಮೂಲೆಯಲ್ಲಿರುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಅಪ್‌ಡೇಟಿನ ಗೊಡವೆಯಿಲ್ಲ. ಹಳೇ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವ ಕಾರ್ಡ್ ಅದರಲ್ಲೇ ಓಡುತ್ತದೆ. ಅದಕ್ಕೆ ನೆಟ್ ವೈರನ್ನೇ ಕೊಟ್ಟಿಲ್ಲ.

ಮೊನ್ನೆ ಹುಡುಗ ಒಳಗಿಂದ ಕೂಗಿದ. "ಅಣ್ಣಾ, ಅಪ್‌ಡೇಟ್ ಕೇಳ್ತಿದೆ, ಎಸ್ ಕೊಡ್ಲಾ?"

"ಯಾವ ಸಿಸ್ಟಮ್ಮು?"

"ಎಡಿಟಿಂಗು."

"ಕೋನಾ, ಇನ್ನೊಂದಾ?"

"ಇನ್ನೊಂದು."

ಗೋಡೆಯ ಕ್ಯಾಲೆಂಡರ್ ನೋಡಿದೆ. ವೈಶಾಖದಲ್ಲಿ ಇನ್ನೂ ಏಳು ಮುಹೂರ್ತ ಬಾಕಿ.