ಆಡಿ ಟಿಟಿಗೆ 19, 18, 17 ಇಂಚಿನ ಗಾಲಿ: ಕೊಲ್ಹಾರದ ಮೊಸರು ಇಟ್ಟು ನೋಡಿದ ಹೋಲಿಕೆ

ಅವ್ವನನ್ನು ಮೊದಲ ಸಲ ನನ್ನ ಆಡಿ ಟಿಟಿ ಕಾರಿನಲ್ಲಿ ಕೂರಿಸಿಕೊಂಡು ವಿಜಯಪುರದಿಂದ ಬೆಳಗಾವಿಗೆ ಹೊರಟಿದ್ದೆ. ಗದ್ದನಕೇರಿ ಕ್ರಾಸ್ ಬರುವಷ್ಟರಲ್ಲಿ ಅವಳು ಸೊಂಟ ಹಿಡಿದುಕೊಂಡಿದ್ದಳು. "ಇಷ್ಟ್ ರೊಕ್ಕಾ ಕೊಟ್ಟು ಚಕ್ಕಡಿ ತಂದಿಯಲ್ಲೋ ತಮ್ಮಾ" ಅಂದಳು. ಕೊಲ್ಹಾರದಲ್ಲಿ ಕೊಂಡ ಮೊಸರಿನ ಗಡಿಗೆ ಅವಳ ಕಾಲ ಹತ್ತಿರ ಇತ್ತು. ಕೊಯ್ದು ಬಡಿಸಬೇಕು ಅನ್ನುವಷ್ಟು ಗಟ್ಟಿ ಮೊಸರು ಅದು. ಮನೆಗೆ ಬಂದು ಬಿಚ್ಚಿದರೆ ಕೆನೆ ಒಡೆದು ನೀರು ಬಿಟ್ಟಿತ್ತು.

ಅವ್ವ ಸುಮ್ನೆ ಬೈದದ್ದಲ್ಲ. ಚಕ್ಕಡಿಯ ಗಾಲಿ ದೊಡ್ಡದು, ಸುತ್ತ ಕಬ್ಬಿಣದ ಪಟ್ಟಿ. ಕಲ್ಲು ತಾಗಿದರೆ ಪೆಟ್ಟು ನೇರ ಬೆನ್ನಿಗೆ. ನನ್ನ ಕಾರಿನ 19 ಇಂಚಿನ ಗಾಲಿಯದೂ ಅದೇ ಕಥೆ. ರಿಮ್ ದೊಡ್ಡದು, ರಬ್ಬರ್ ತೆಳ್ಳಗೆ.

ಕಾರು 2015ರಲ್ಲಿ ಭಾರತಕ್ಕೆ ಬಂದ ಮೂರನೇ ತಲೆಮಾರಿನ ಟಿಟಿ. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಕ್ವಾಟ್ರೊ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹಳೆಯ ಮಾಲೀಕರು ಅಂದಕ್ಕೆಂದು 19 ಹಾಕಿಸಿದ್ದರು. ಕಾರಿನ ಜತೆ ಬಂದಿದ್ದ 18ರ ಸೆಟ್ಟನ್ನೂ ಜೋಪಾನವಾಗಿ ಇಟ್ಟು ಕೊಟ್ಟರು. 17ರ ಸೆಟ್ಟು ನಾನೇ ಆಮೇಲೆ ಹುಡುಕಿ ತಂದದ್ದು. ಯುರೋಪಿನಲ್ಲಿ ಈ ಕಾರಿಗೆ ಕಂಪನಿಯೇ 17 ಕೊಡುತ್ತಿತ್ತು. ಹಾಗಾಗಿ ಗಾಲಿಯೊಳಗೆ ಕೂರುವ ಬ್ರೇಕ್ ಕ್ಯಾಲಿಪರ್‌ಗೆ ತಾಗುವ ಭಯ ಅಷ್ಟಾಗಿ ಇರಲಿಲ್ಲ. ಆದರೂ ಟೈರ್ ಏರಿಸುವ ಮೊದಲು ಬರೀ ರಿಮ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದೆ. ಇದೇ ಕಾರಿನ ಹೆಚ್ಚು ಶಕ್ತಿಯ ಮಾದರಿಗಳಾದ ಟಿಟಿಎಸ್ ಅಥವಾ ಟಿಟಿ ಆರ್‌ಎಸ್ ಇದ್ದವರು ಇದನ್ನು ಬಿಡಲೇಬಾರದು. ಅವುಗಳ ಬ್ರೇಕ್ ದೊಡ್ಡದು.

ಮೂರರ ಅಳತೆ ಹೀಗಿದೆ: 245/35 ಆರ್ 19, 245/40 ಆರ್ 18, 225/50 ಆರ್ 17. ಮೊದಲ ಅಂಕಿ ಟೈರಿನ ಅಗಲ ಮಿಮೀಯಲ್ಲಿ, ಎರಡನೆಯದು ರಬ್ಬರಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯದು ರಿಮ್ಮಿನ ಇಂಚು. ಟೈರ್ ಸೇರಿಸಿ ಒಟ್ಟು ಎತ್ತರ 654, 653, 657 ಮಿಮೀ. ಅಂದರೆ ಹೆಚ್ಚು ಕಡಿಮೆ ಒಂದೇ. ಬದಲಾಗುವುದು ರಿಮ್ಮಿನಿಂದ ರಸ್ತೆಯವರೆಗಿನ ರಬ್ಬರಿನ ಎತ್ತರ. 19ರಲ್ಲಿ 86 ಮಿಮೀ, 18ರಲ್ಲಿ 98, 17ರಲ್ಲಿ 112 ಚಿಲ್ಲರೆ. ನಾಲ್ಕು ಬೆರಳು ಅಡ್ಡ ಹಿಡಿದು, ಮೇಲೆ ಒಂದೂವರೆ ಬೆರಳು ಸೇರಿಸಿದರೆ ಎಷ್ಟೋ ಅಷ್ಟು ದಪ್ಪ ಗಾಳಿ ದಿಂಬು.

ಸಣ್ಣ ಗಾಲಿ ಹಾಕಿದರೆ ಕಾರು ನೆಲಕ್ಕೆ ಕೂರುತ್ತೆ, ಹಂಪ್‌ಗೆ ಹೊಟ್ಟೆ ಉಜ್ಜುತ್ತೆ ಅಂತ ನಮ್ಮ ಓಣಿಯ ಪಂಡಿತರೆಲ್ಲ ಹೇಳಿದರು. ಲೆಕ್ಕ ನೋಡಿ, ಕಾರು ಒಂದೆರಡು ಮಿಮೀ ಮೇಲೆಯೇ ಎದ್ದಿದೆ. ಮೊದಲು ಉಜ್ಜುತ್ತಿದ್ದ ಹಂಪ್ ಈಗಲೂ ಉಜ್ಜುತ್ತೆ, ಅಷ್ಟೇ. ಸ್ಪೀಡೋಮೀಟರ್‌ನಲ್ಲಿ 18ಕ್ಕೂ 17ಕ್ಕೂ ವ್ಯತ್ಯಾಸ ನೂರಕ್ಕೆ ಅರ್ಧ ಕಿಲೋಮೀಟರ್.

ದಾರಿ ಮೂರಕ್ಕೂ ಒಂದೇ ಇಟ್ಟುಕೊಂಡೆ. ಟಿಳಕವಾಡಿಯಿಂದ ಹೊರಟು ನೇಸರಗಿ, ಯರಗಟ್ಟಿ, ಲೋಕಾಪುರ, ಗದ್ದನಕೇರಿ ಕ್ರಾಸ್, ಕೊಲ್ಹಾರ, ವಿಜಯಪುರ. ತಮ್ಮನ ಮನೆ ಅಲ್ಲಿದೆ, ತಿಂಗಳಿಗೊಮ್ಮೆ ಹೇಗೂ ಹೋಗಬೇಕು. ಬರುವಾಗ ಕೊಲ್ಹಾರದಲ್ಲಿ ಒಂದು ಗಡಿಗೆ ಮೊಸರು. ಗಾಳಿ ಪ್ರತಿ ಸಲ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ಹಿಡಿಸಿದ್ದು. ಐದಾರು ಡಿಗ್ರಿ ಬಿಸಿ ಏರಿದರೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್ಐ ಏರುತ್ತದೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಅಳೆದರೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ.

ಈ ದಾರಿಯಲ್ಲಿ ಕಾರಿಗೆ ಎರಡು ಥರದ ಕಾಟ. ಒಂದು ಪೆಟ್ಟು: ತಗ್ಗಿನ ಅಂಚು, ಸೇತುವೆಯ ಜಾಯಿಂಟ್, ಹಳ್ಳಿ ಬಂದಾಗ ಸಾಲಾಗಿ ಹಾಕಿರುವ ಸಣ್ಣ ಹಂಪ್‌ಗಳು. ಇನ್ನೊಂದು ಜೋಲಿ. ಪೂರ್ವಕ್ಕೆ ಹೋದಂತೆ ಎರೆ ಮಣ್ಣು ಶುರುವಾಗುತ್ತದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ನುಣ್ಣಗೇ ಇರುತ್ತದೆ, ಆದರೆ ರಸ್ತೆ ಅಲೆ ಅಲೆಯಾಗಿರುತ್ತದೆ. ಇವೆರಡನ್ನು ಬೇರೆ ಬೇರೆ ನೋಡದೆ ನಾನು ಮೊದಲು ಮೋಸ ಹೋಗಿದ್ದೆ.

19ರ ಬಗ್ಗೆ ಒಳ್ಳೆಯ ಮಾತು ಮೊದಲು ಹೇಳಿಬಿಡುತ್ತೇನೆ. ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಇಳಿದರೆ ಸ್ಟೇರಿಂಗ್ ತಿರುಗಿಸುವುದೂ ಮೂತಿ ತಿರುಗುವುದೂ ಒಟ್ಟಿಗೆ. ರಬ್ಬರ್ ಗಿಡ್ಡ ಇರುವುದರಿಂದ ಬಾಗುವುದೇ ಇಲ್ಲ. ಆ ಸುಖ 17ರಲ್ಲಿ ಇಲ್ಲ. ಆದರೆ ನಾನು ಚೋರ್ಲಾಕ್ಕೆ ಹೋಗುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಉಳಿದ ದಿನವೆಲ್ಲ ಪೆಟ್ಟು ತಿನ್ನುವ ದಿನ. ಸೇತುವೆಯ ಜಾಯಿಂಟ್ ದಾಟಿದರೆ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಕಾರು ಓಡುವ ರೀತಿ ಬದಲಿಸುವ ಡ್ರೈವ್ ಸೆಲೆಕ್ಟ್‌ನಲ್ಲಿ ಕಂಫರ್ಟ್ ಒತ್ತಿ ನೋಡಿದೆ. ನನ್ನ ಕಾರಿಗೆ ಶಾಕ್ ಅಬ್ಸಾರ್ಬರಿನ ಬಿಗಿತ ಬದಲಿಸುವ ಮ್ಯಾಗ್ನೆಟಿಕ್ ರೈಡ್ ಇಲ್ಲ. ಹಾಗಾಗಿ ಆ ಬಟನ್ ಸ್ಟೇರಿಂಗ್, ಆಕ್ಸಿಲರೇಟರ್ ಬದಲಾಯಿಸುತ್ತದೆಯೇ ಹೊರತು ಶಾಕ್ ಅಬ್ಸಾರ್ಬರ್ ಮುಟ್ಟುವುದಿಲ್ಲ. ಕೊನೆಗೆ ಒಂದು ಮಳೆಗಾಲ, ಲೋಕಾಪುರದ ಆಚೆ ನೀರು ತುಂಬಿದ ತಗ್ಗು ಕಾಣಲಿಲ್ಲ. ಎಡಗಡೆ ಮುಂದಿನ ರಿಮ್ ಒಳಗಡೆ ಬಾಗಿತು, ಟೈರಿನ ಪಕ್ಕೆಯಲ್ಲಿ ಬುಗುಟು ಎದ್ದಿತು. ಆ ಅಳತೆಯ ಟೈರ್ ಊರಲ್ಲಿ ಸಿಗಲಿಲ್ಲ. ಆರ್ಡರ್ ಹಾಕಿ ಒಂಬತ್ತು ದಿನ ಕಾದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ 19ರ ಟೈರುಗಳು ಹಳೆಯವು. ಪಕ್ಕೆಯ ಮೇಲೆ 2317 ಅಂತ ಇತ್ತು, ಅಂದರೆ 2017ರ 23ನೇ ವಾರ ತಯಾರಾದದ್ದು. ರಬ್ಬರ್ ವರ್ಷ ಕಳೆದಂತೆ ಬಿರುಸಾಗುತ್ತದೆ. 18ಕ್ಕೂ 17ಕ್ಕೂ ಹೊಸ ಟೈರ್ ಹಾಕಿಸಿದ್ದೆ. ಹಾಗಾಗಿ 19ಕ್ಕೆ ನಾನು ಹಾಕಿದ ಬೈಗುಳದಲ್ಲಿ ಸ್ವಲ್ಪ ವಯಸ್ಸಿಗೆ ಸೇರಬೇಕು.

18 ಹಾಕಿದ ದಿನ ದೊಡ್ಡ ಬದಲಾವಣೆ ಏನೂ ಕಾಣಲಿಲ್ಲ. ಯರಗಟ್ಟಿ ದಾಟಿದ ಮೇಲೆ ಗೊತ್ತಾಯಿತು, ಮೊದಲಿನಷ್ಟು ಗಟ್ಟಿಯಾಗಿ ಸ್ಟೇರಿಂಗ್ ಹಿಡಿದಿಲ್ಲ ಅಂತ. ಪೆಟ್ಟು ಇದೆ, ಆದರೆ ಮೂಳೆಗೆ ಇಳಿಯುವುದಿಲ್ಲ. ನೋಡಲೂ ಕಾರಿಗೆ ಸರಿಯಾಗಿ ಒಪ್ಪುತ್ತದೆ. ಬೆಂಗಳೂರು, ಪುಣೆ ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಇದಕ್ಕಿಂತ ಕೆಳಗೆ ಇಳಿಯುವ ಅಗತ್ಯ ನನಗೆ ಕಾಣುವುದಿಲ್ಲ. ಮೊಸರು? ಅಂಚಿನಲ್ಲಿ ಸ್ವಲ್ಪ ನೀರು. ಅವ್ವ "ಪರವಾಗಿಲ್ಲ" ಅಂದಳು, ಮುಖ ಸಡಿಲಿಸದೆ.

17 ಶುರುವಾದದ್ದೇ ರಗಳೆಯಿಂದ. ಬೋಲ್ಟಿನ ಅಂತರ 5x112 (ಐದು ಬೋಲ್ಟ್, 112 ಮಿಮೀ ವೃತ್ತ) ಅಂತ ನೋಡಿ ಹೊರಗಿನ ಅಲಾಯ್ ತಂದಿದ್ದೆ. ಎಂಬತ್ತು ದಾಟಿದರೆ ಸ್ಟೇರಿಂಗ್ ಗಡಗಡ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಅಂಗಡಿಯವರು "ಸರ, ಹೊಸ ಟೈರ್ ಐತಿ, ಸೆಟ್ ಆಗ್ತೈತಿ" ಅನ್ನುತ್ತಲೇ ಇದ್ದರು. ಆಗಲಿಲ್ಲ. ಗಾಲಿ ಕೂರುವ ಕಾರಿನ ಹಬ್ 57.1 ಮಿಮೀ, ರಿಮ್ಮಿನ ನಡುವಿನ ತೂತು ಅದಕ್ಕಿಂತ ದೊಡ್ಡದು. ಆ ಸಂದು ತುಂಬುವ ಹಬ್ ರಿಂಗ್ ಹಾಕದೆ ಬೋಲ್ಟ್ ಬಿಗಿದಿದ್ದರು. ರಿಂಗ್ ಹಾಕಿದ ಮೇಲೆ ಗಡಗಡ ನಿಂತಿತು. ಇನ್ನೊಂದು ಇದಕ್ಕಿಂತ ಅಪಾಯದ್ದು. ಆಡಿಯ ಮೂಲ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ಅಲಾಯ್‌ಗೆ ಸಾಮಾನ್ಯವಾಗಿ ಕೋನದ ಬೋಲ್ಟ್ ಬೇಕು. ಹಳೆಯದನ್ನೇ ಬಿಗಿದರೆ ಪೂರ್ತಿ ಕೂರುವುದಿಲ್ಲ, ಓಡುತ್ತ ಓಡುತ್ತ ಸಡಿಲಾಗಬಹುದು.

ಅದೆಲ್ಲ ಮುಗಿದ ಮೇಲೆ ಹೊರಟರೆ, ಬೇರೆಯೇ ಕಾರು. ಸಾಲು ಹಂಪ್ ಮೇಲೆ ಮೊದಲು ಡಬ್ಬದಲ್ಲಿ ಕಲ್ಲು ಅಲುಗಿಸಿದ ಹಾಗೆ ಇತ್ತು. ಈಗ ಬರೀ ಗುಡುಗುಡು ಸದ್ದು. ತಗ್ಗಿನ ಅಂಚನ್ನು ರಬ್ಬರೇ ನುಂಗುತ್ತದೆ. ತೂಕವೂ ಕಡಿಮೆ. ಭಾವನ ದಲಾಲಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೇ ಇಟ್ಟು ನೋಡಿದೆ, 19ಕ್ಕಿಂತ ಗಾಲಿಗೆ ಹತ್ತಿರ ಹತ್ತಿರ ಮೂರು ಕೆಜಿ ಹಗುರ. ಗಾಲಿ ಹಗುರ ಆದಷ್ಟೂ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅದನ್ನು ಬೇಗ ಹಿಡಿದು ನಿಲ್ಲಿಸುತ್ತವೆ. ತಕ್ಕಡಿ ಮೇಲೆ ಮೆಣಸಿನಕಾಯಿ ಚೀಲದ ಬದಲು ಕಾರಿನ ಗಾಲಿ ನೋಡಿ ಹಮಾಲರು ನಕ್ಕಿದ್ದೂ ನಕ್ಕಿದ್ದೇ.

ಆದರೆ ಜೋಲಿ ಹೋಗಲಿಲ್ಲ. ಎರೆ ಮಣ್ಣಿನ ಅಲೆಯ ಮೇಲೆ ಕಾರು 19ರಲ್ಲಿ ಎಷ್ಟು ಏಳುತ್ತಿತ್ತೋ 17ರಲ್ಲೂ ಅಷ್ಟೇ ಏಳುತ್ತದೆ. ಟೈರ್ ನುಂಗುವುದು ಚೂಪು ಪೆಟ್ಟನ್ನು ಮಾತ್ರ. ಉದ್ದ ಅಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಪಾಲು. ನಿಮ್ಮ ತಕರಾರು ಜೋಲಿಯೇ ಆಗಿದ್ದರೆ ಗಾಲಿಗೆ ದುಡ್ಡು ಹಾಕಬೇಡಿ. ಮೊದಲು ಶಾಕ್ ಅಬ್ಸಾರ್ಬರ್ ಸೋರುತ್ತಿದೆಯಾ ನೋಡಿಸಿ.

ಒಣ ರಸ್ತೆಯಲ್ಲಿ ಹಿಡಿತ ಸ್ವಲ್ಪ ಕಡಿಮೆ. 245 ಇದ್ದದ್ದು 225 ಆಯಿತಲ್ವಾ. ಚೋರ್ಲಾದ ತಿರುವಿನಲ್ಲಿ ಮೂತಿ ಅರೆಕ್ಷಣ ಯೋಚಿಸಿ ತಿರುಗುತ್ತದೆ. ಅದೇ ಜುಲೈ ಮಳೆಯಲ್ಲಿ, ರಸ್ತೆ ಮೇಲೆ ನೀರು ಹರಿಯುವಾಗ, ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುವುದು ಗೊತ್ತಾಗುತ್ತದೆ. 19ರಲ್ಲಿ ಅಲ್ಲೇ ಎರಡು ಸಲ ತೇಲಿದ ಅನುಭವ ಆಗಿತ್ತು. ಟೈರ್ ಕೊಳ್ಳುವಾಗ ಪಕ್ಕೆಯ ಮೇಲಿನ ವೇಗದ ಅಕ್ಷರವನ್ನೂ ನೋಡಿ. ಈ ಕಾರು ಗಂಟೆಗೆ 250 ಕಿಮೀ ಮುಟ್ಟುತ್ತದೆ. ವಿ ಅಂದರೆ 240ರವರೆಗೆ, ಡಬ್ಲ್ಯೂ ಅಂದರೆ 270. ನಾನು ಡಬ್ಲ್ಯೂ ತಗೊಂಡೆ. 225/50 ಆರ್ 17 ದೊಡ್ಡ ಸೆಡಾನ್‌ಗಳಿಗೂ ಬರುವ ಅಳತೆ, ಅಂಗಡಿಯಲ್ಲಿ ಅವತ್ತೇ ಸಿಕ್ಕಿತು.

ಅಂದದ ಮಾತು ಕೇಳಬೇಡಿ. ಅಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ ಕಾಣುತ್ತದೆ. ಗೆಳೆಯನೊಬ್ಬ ಸುತ್ತು ಹಾಕಿ ನೋಡಿ "ಆಲ್ಟೋದ ಗಾಲಿ ಹಾಕ್ಸಿಯೇನಲೇ?" ಅಂದ. ಒಂದು ವಾರ ನನಗೂ ಕಾರು ನಿಲ್ಲಿಸಿ ಹಿಂತಿರುಗಿ ನೋಡಲು ಮನಸ್ಸಾಗಲಿಲ್ಲ.

ಈಗ 17ರಲ್ಲೇ ಓಡಿಸುತ್ತಿದ್ದೇನೆ. 18ರ ಸೆಟ್ಟು ಅಟ್ಟದ ಮೇಲಿದೆ, ಕಾರು ಮಾರುವ ದಿನ ಬೇಕು. 19ನ್ನು ಕೊಳ್ಳಲು ಬಂದವರು ಬಾಗಿದ ರಿಮ್ ತೋರಿಸಿ ಮೂರು ಗಾಲಿಗೇ ಬೆಲೆ ಕಟ್ಟುತ್ತಾರೆ. ಹೋದ ತಿಂಗಳು ಗಡಿಗೆ ಬಿಚ್ಚಿದಾಗ ಕೆನೆ ಇದ್ದ ಹಾಗೇ ಇತ್ತು. ಅವ್ವ ಬೆರಳಲ್ಲಿ ಒತ್ತಿ ನೋಡಿ, ಮುಂದಿನ ಸಲ ಎರಡು ಗಡಿಗೆ ತಗೋ ಅಂದಳು.